ಪ್ರೊಸೆಸರ್ ಬದಲಿಸಿದ ಮೇಲೆ ಏರಿದ ಶಾಖ: ಬೆಟಗೇರಿಯ ಒಂದು ಕಂಪ್ಯೂಟರಿನಿಂದ ಕಲಿತದ್ದು

ಮೊದಲು ಎರಡು ಪದಗಳ ಗೊಂದಲ ಕಳೆದುಕೊಳ್ಳೋಣ. ಗದಗ, ಹುಬ್ಬಳ್ಳಿ ಕಡೆಯ ಅಂಗಡಿಗಳಲ್ಲಿ ಮೇಜಿನ ಕೆಳಗಿನ ಇಡೀ ಪೆಟ್ಟಿಗೆಯನ್ನೇ ಸಿಪಿಯು ಎನ್ನುತ್ತಾರೆ. ಕೂಲರ್ ಎಂದರೆ ಬೇಸಿಗೆಯಲ್ಲಿ ಕಿಟಕಿಗೆ ಇಡುವ ನೀರಿನ ಕೂಲರ್ ಎಂದುಕೊಳ್ಳುತ್ತಾರೆ. ಈ ಟಿಪ್ಪಣಿಯಲ್ಲಿ ಪೆಟ್ಟಿಗೆಗೆ ಕ್ಯಾಬಿನೆಟ್ ಎಂದೂ ಒಳಗಿನ ಚಿಪ್ಪಿಗೆ ಪ್ರೊಸೆಸರ್ ಎಂದೂ ಬರೆಯುತ್ತೇನೆ. ಕೂಲರ್ ಎಂದರೆ ಪ್ರೊಸೆಸರಿನ ಮೇಲೆ ಕೂರುವ ಲೋಹದ ಹೀಟ್‌ಸಿಂಕ್ ಮತ್ತು ಫ್ಯಾನ್.

ನನ್ನ ಕಾಕಾ ಬೆಟಗೇರಿಯಲ್ಲಿ ಮದುವೆಯ ವಿಡಿಯೊ ಎಡಿಟಿಂಗ್ ಮಾಡುತ್ತಾರೆ. ಅವರ ಕಂಪ್ಯೂಟರಿನಲ್ಲಿ ಎಎಂಡಿ ಕಂಪನಿಯ 2019ರ ರೈಜನ್ 3 3200ಜಿ ಪ್ರೊಸೆಸರ್ ಇತ್ತು. ಈ ಏಪ್ರಿಲ್‌ನಲ್ಲಿ ಅದನ್ನು ತೆಗೆಸಿ ರೈಜನ್ 7 5700ಎಕ್ಸ್ ಹಾಕಿಸಿದರು. ಪ್ರೊಸೆಸರ್ ಕೂರುವ ಗೂಡಿಗೆ ಸಾಕೆಟ್ ಎನ್ನುತ್ತಾರೆ. ಎರಡೂ ಎಎಂ4 ಎಂಬ ಬಗೆಯ ಸಾಕೆಟ್ಟಿಗೆ ಹೊಂದುವುದರಿಂದ ಮದರ್‌ಬೋರ್ಡ್ ಹಳೆಯದೇ ಉಳಿಯಿತು, ಅದರೊಳಗಿನ ಮೂಲ ತಂತ್ರಾಂಶವಾದ ಬಯಾಸ್ ಮಾತ್ರ ಅಪ್‌ಡೇಟ್ ಆಯಿತು. 5700ಎಕ್ಸ್ ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲ. ಹಾಗಾಗಿ ಅಂಗಡಿಯವರು ಹಳೆಯ ಪ್ರೊಸೆಸರಿನ ಜೊತೆ ಬಂದಿದ್ದ ಚಿಕ್ಕ ಅಲ್ಯೂಮಿನಿಯಂ ಕೂಲರನ್ನೇ ಮತ್ತೆ ಕೂರಿಸಿದರು. ವಾರದೊಳಗೆ ಕಾಕಾ ಫೋನ್ ಮಾಡಿದರು: "ತಮ್ಮಾ, ಪಕ್ಕದ ಮನೆಯ ಮಗ್ಗದ ಸದ್ದಿಗಿಂತ ಇದರ ಫ್ಯಾನಿನ ಸದ್ದೇ ಹೆಚ್ಚಾಗಿದೆ. ತಾಪಮಾನ 90 ತೋರಿಸುತ್ತಿದೆ. ಎರಡೂ ಪೆಟ್ಟಿಗೆಗಳ ಮೇಲೆ 65 ವ್ಯಾಟ್ ಎಂದೇ ಬರೆದಿದೆಯಲ್ಲ, ಮತ್ತೆ ಇದೇಕೆ ಹೀಗೆ?"

ಕಾಕಾ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತ ಹೋದಂತೆ ಈ ಪಾಠದ ಅರ್ಧಭಾಗ ನನಗೆ ತಿಳಿಯಿತು.

65 ಎಂಬ ಅಂಕಿಯ ಒಳಗೆ

ಪೆಟ್ಟಿಗೆಯ ಮೇಲಿನ 65 ವ್ಯಾಟ್ ಎನ್ನುವುದು ಟಿಡಿಪಿ. ಅದು ಕೂಲರ್ ಆರಿಸಿಕೊಳ್ಳಲು ತಯಾರಕರು ಕೊಡುವ ಒಂದು ದರ್ಜೆ, ಪ್ರೊಸೆಸರ್ ಎಳೆಯುವ ವಿದ್ಯುತ್ತಿನ ಗರಿಷ್ಠ ಮಿತಿಯಲ್ಲ. 5700ಎಕ್ಸ್‌ಗೆ ಸಾಕೆಟ್ಟಿನಿಂದ ಎಳೆಯಲು ಇರುವ ಮಿತಿ 76 ವ್ಯಾಟ್. ಇಂಟೆಲ್ ಬಳಸುವವರೂ ಇದನ್ನು ಗಮನಿಸಬೇಕು. ಅವರ ಐ5-12400 ಪ್ರೊಸೆಸರಿನ ಮೂಲ ಶಕ್ತಿ 65 ವ್ಯಾಟ್, ಟರ್ಬೊ ಶಕ್ತಿ, ಅಂದರೆ ವೇಗ ಏರಿಸಿಕೊಂಡಾಗಿನ ಮಿತಿ, 117 ವ್ಯಾಟ್. ಐ7-12700ರಲ್ಲಿ ಅದೇ 65, ಟರ್ಬೊದಲ್ಲಿ 180.

ಎರಡನೆಯ ಕಾರಣ ಇನ್ನೂ ಮುಖ್ಯ. 3200ಜಿಯ ಸಿಲಿಕಾನ್ ತುಣುಕು ಸುಮಾರು 210 ಚದರ ಮಿಲಿಮೀಟರ್. 5700ಎಕ್ಸ್‌ನಲ್ಲಿ ಲೆಕ್ಕ ಮಾಡುವ ಎಂಟೂ ಕೋರ್‌ಗಳು ಸುಮಾರು 80 ಚದರ ಮಿಲಿಮೀಟರಿನ, ಕಿರುಬೆರಳ ಉಗುರಿನಷ್ಟು ತುಣುಕಿನಲ್ಲಿ ಅಡಕವಾಗಿವೆ. ಶಾಖದ ಬಹುಪಾಲು ಹುಟ್ಟುವುದು ಅಲ್ಲಿಯೇ. ಅಷ್ಟೇ ಬೆಂಕಿಯನ್ನು ಅಗಲವಾದ ಒಲೆಯಿಂದ ಹಣತೆಗೆ ಇಳಿಸಿದಂತೆ. ಹೊರಬರುವ ದಾರಿ ಕಿರಿದಾದಷ್ಟೂ ಒಳಗಿನ ತಾಪ ಏರುತ್ತದೆ.

ಮೂರನೆಯದು ಬಹಳ ಜನ ಮರೆಯುವ ಸಂಗತಿ. 3200ಜಿಯಲ್ಲಿ ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಭಾಗ ಒಳಗೇ ಇತ್ತು, 5700ಎಕ್ಸ್‌ನಲ್ಲಿ ಇಲ್ಲ. ಆದ್ದರಿಂದ ಕಾಕಾ ಒಂದು ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡನ್ನೂ ಕೊಳ್ಳಬೇಕಾಯಿತು. ಅದು ಇನ್ನೂ 75 ವ್ಯಾಟ್‌ವರೆಗಿನ ಶಾಖವನ್ನು ಅದೇ ಕ್ಯಾಬಿನೆಟ್ಟಿನೊಳಗೆ ಬಿಡುತ್ತದೆ. ಅಂದರೆ ಪ್ರೊಸೆಸರಿನ ಫ್ಯಾನು ಎಳೆದುಕೊಳ್ಳುವ ಗಾಳಿ ಮೊದಲೇ ಬೆಚ್ಚಗಾಗಿರುತ್ತದೆ.

ಓಮನ ನಿಯಮ ಇಲ್ಲಿಯೂ ಇದೆ

ಪಿಯುಸಿಯಲ್ಲಿ ಕಲಿತ ಓಮನ ನಿಯಮ ನೆನಪಿಸಿಕೊಳ್ಳಿ. ವೋಲ್ಟೇಜಿನ ಜಾಗದಲ್ಲಿ ತಾಪಮಾನದ ವ್ಯತ್ಯಾಸ, ವಿದ್ಯುತ್ ಪ್ರವಾಹದ ಜಾಗದಲ್ಲಿ ವ್ಯಾಟ್, ರೋಧದ ಜಾಗದಲ್ಲಿ ಉಷ್ಣ ರೋಧ. ಪ್ರೊಸೆಸರಿನ ತಾಪಮಾನದಿಂದ ಕೋಣೆಯ ತಾಪಮಾನ ಕಳೆದು, ಬಂದದ್ದನ್ನು ವ್ಯಾಟಿನಿಂದ ಭಾಗಿಸಿದರೆ ಒಂದು ವ್ಯಾಟಿಗೆ ಎಷ್ಟು ಡಿಗ್ರಿ ಏರುತ್ತದೆ ಎಂಬುದು ಸಿಗುತ್ತದೆ. ಅದೇ ಉಷ್ಣ ರೋಧ. ನನ್ನ ಮಟ್ಟಿಗೆ ಈ ಒಂದು ಅಂಕಿಯೇ ಕಂಪ್ಯೂಟರಿನ ನಾಡಿ. ಬರೀ "90 ಡಿಗ್ರಿ ಇದೆ" ಎಂದರೆ ಏನೂ ಗೊತ್ತಾಗುವುದಿಲ್ಲ. ಅದು ಏಪ್ರಿಲ್ ಮಧ್ಯಾಹ್ನದ 90ಯೋ ಡಿಸೆಂಬರ್ ಬೆಳಗಿನ 90ಯೋ, 40 ವ್ಯಾಟಿಗೋ 76 ವ್ಯಾಟಿಗೋ?

ಕಾಕಾನ ಕೋಣೆಯಲ್ಲಿ ಆ ಮಧ್ಯಾಹ್ನ 35 ಡಿಗ್ರಿ ಇತ್ತು. ತಾಪ, ವ್ಯಾಟ್ ತೋರಿಸುವ ಎಚ್‌ಡಬ್ಲ್ಯುಇನ್ಫೊ ತಂತ್ರಾಂಶ ತೆರೆದು, ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ಪರೀಕ್ಷೆಯನ್ನು 20 ನಿಮಿಷ ಓಡಿಸಿದೆ. 90 ಡಿಗ್ರಿ, 62 ವ್ಯಾಟ್, ವೇಗ 3.6 ಗಿಗಾಹರ್ಟ್ಸ್. ಲೆಕ್ಕ ಹಾಕಿದರೆ ವ್ಯಾಟಿಗೆ 0.89 ಡಿಗ್ರಿ.

ಇಲ್ಲಿ 62 ಎಂಬುದನ್ನು ನೋಡಿ. ಮಿತಿ 76 ಇರುವಾಗ ಪ್ರೊಸೆಸರ್ 62ರಲ್ಲೇ ಏಕೆ ನಿಂತಿತು? 5700ಎಕ್ಸ್‌ಗೆ ತಯಾರಕರು ನಿಗದಿ ಮಾಡಿದ ಗರಿಷ್ಠ ತಾಪ 90 ಡಿಗ್ರಿ. ಅಲ್ಲಿಗೆ ತಲುಪಿದ ಕೂಡಲೇ ಅದು ತನ್ನ ವೇಗವನ್ನೂ ವೋಲ್ಟೇಜನ್ನೂ ತಾನೇ ಇಳಿಸಿಕೊಂಡು 90ರ ಮೇಲೆ ಹೋಗದಂತೆ ನೋಡಿಕೊಳ್ಳುತ್ತದೆ. ಹಾಗಾಗಿ ಅದು ಸುಟ್ಟುಹೋಗುತ್ತದೆ ಎಂಬ ಭಯ ಬೇಡ. ಆದರೆ ಕೊಟ್ಟ ಹಣಕ್ಕೆ ತಕ್ಕ ಕೆಲಸ ಅದರಿಂದ ಸಿಗುತ್ತಿಲ್ಲ. ಈ ಮಿತಿ ಎಲ್ಲ ಪ್ರೊಸೆಸರಿಗೂ ಒಂದೇ ಅಲ್ಲ. ರೈಜನ್ 5 3600ಕ್ಕೆ 95, ಐ5-12400ಕ್ಕೆ 100. ರೈಜನ್ 7000 ಸರಣಿಯ ಎಕ್ಸ್ ಮಾದರಿಗಳು ಭಾರವಾದ ಕೆಲಸದಲ್ಲಿ 95ರವರೆಗೆ ಏರುವಂತೆಯೇ ರೂಪುಗೊಂಡಿವೆ. ನಿಮ್ಮ ಪ್ರೊಸೆಸರಿನ ಅಂಕಿಯನ್ನು ತಯಾರಕರ ಪುಟದಲ್ಲಿ ನೋಡಿಯೇ ಮುಂದುವರಿಯಿರಿ.

90 ಬದಲಾಗಲಿಲ್ಲ, ಆದರೆ ಎಲ್ಲವೂ ಬದಲಾಯಿತು

ಕಾಕಾನ ಕ್ಯಾಬಿನೆಟ್ ಮರದ ಕಂಪ್ಯೂಟರ್ ಮೇಜಿನ ಕಪಾಟಿನೊಳಗೆ ಇತ್ತು. ಮೂರು ಕಡೆ ಹಲಗೆ, ಮೇಲೆ ಧೂಳು ಕೂರದಿರಲೆಂದು ಪ್ಲಾಸ್ಟಿಕ್ ಹೊದಿಕೆ. ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಅಗ್ಗದ ಥರ್ಮಾಮೀಟರನ್ನು ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಇಳಿಬಿಟ್ಟೆ. ಕೋಣೆಯಲ್ಲಿ 35 ಇದ್ದರೆ ಅಲ್ಲಿ 42! ಹಿಂದಿನಿಂದ ಹೊರಬಿದ್ದ ಬಿಸಿಗಾಳಿ ಹಲಗೆಗೆ ಬಡಿದು ಮತ್ತೆ ಮುಂದಿನಿಂದ ಒಳಗೆ ಹೋಗುತ್ತಿತ್ತು.

ಕ್ಯಾಬಿನೆಟ್ಟನ್ನು ಹೊರಗೆಳೆದು, ಹೊದಿಕೆ ತೆಗೆದು, ಮತ್ತೆ ಪರೀಕ್ಷೆ ಓಡಿಸಿದೆ. ತಾಪಮಾನ ಅದೇ 90. "ಏನೂ ಆಗಲಿಲ್ಲವಲ್ಲ ತಮ್ಮಾ" ಎಂದರು ಕಾಕಾ. "ಕಾಕಾ, 90ನ್ನು ಬಿಟ್ಟು ಈ ವ್ಯಾಟ್ ನೋಡಿರಿ" ಎಂದು ತೋರಿಸಿದೆ. 62 ಇದ್ದದ್ದು 69 ಆಗಿತ್ತು. ಅಂದರೆ ಅದೇ ತಾಪದಲ್ಲಿ ಏಳು ವ್ಯಾಟಿನಷ್ಟು ಹೆಚ್ಚು ಕೆಲಸ. ರೋಧ 0.89ರಿಂದ 0.80ಕ್ಕೆ ಇಳಿದಿತ್ತು. ಈ ಕ್ಷಣವನ್ನು ನೀವೂ ಒಮ್ಮೆ ಕಣ್ಣಾರೆ ನೋಡಬೇಕೆಂದು ನನ್ನ ಆಸೆ. ಮಿತಿಗೆ ತಲೆ ತಾಗಿಸಿಕೊಂಡು ನಿಂತಿರುವ ಪ್ರೊಸೆಸರಿನಲ್ಲಿ ಸುಧಾರಣೆ ಮೊದಲು ಕಾಣುವುದು ವ್ಯಾಟಿನಲ್ಲಿ, ಡಿಗ್ರಿಯಲ್ಲಿ ಅಲ್ಲ.

ಕೂಲರ್ ಬಿಚ್ಚುವುದು

ಬಿಚ್ಚುವ ಮೊದಲು ಒಂದು ಸುಲಭ ಪರೀಕ್ಷೆ ಇದೆ. ಕೆಲಸ ಶುರುವಾದ ಒಂದೆರಡು ಸೆಕೆಂಡಿನಲ್ಲೇ ತಾಪ 85ಕ್ಕೆ ಹಾರಿ ಅಲ್ಲೇ ನಿಂತು, ಹೀಟ್‌ಸಿಂಕ್ ಮಾತ್ರ ತಣ್ಣಗೇ ಉಳಿದಿದ್ದರೆ ಶಾಖ ಪ್ರೊಸೆಸರಿನಿಂದ ಲೋಹಕ್ಕೆ ದಾಟುತ್ತಿಲ್ಲ. ತಪ್ಪು ಪ್ರೊಸೆಸರಿಗೂ ಕೂಲರಿಗೂ ನಡುವೆ ಬಳಿಯುವ ಪೇಸ್ಟಿನಲ್ಲಿದೆ, ಇಲ್ಲವೇ ಬಿಗಿತದಲ್ಲಿದೆ, ಅಥವಾ ಹೊಸ ಕೂಲರಿನ ಅಡಿಯ ಪಾರದರ್ಶಕ ಹಾಳೆ ಕೀಳದೆ ಹಾಗೇ ಉಳಿದಿದೆ. ತಾಪ ಹತ್ತು ಹದಿನೈದು ನಿಮಿಷ ನಿಧಾನವಾಗಿ ಏರಿ, ಹೀಟ್‌ಸಿಂಕ್ ಕೂಡ ಕೈ ಸುಡುವಂತಾಗಿದ್ದರೆ ತಪ್ಪು ಗಾಳಿಯದು. ಫ್ಯಾನಿನ ರೆಕ್ಕೆಗಳಿಂದ ಬೆರಳು ದೂರವಿಟ್ಟು ಮುಟ್ಟಿ. ಕಾಕಾನದು ಎರಡನೆಯ ಬಗೆ, ಆದರೆ ಮೊದಲನೆಯದೂ ಸ್ವಲ್ಪ ಬೆರೆತಿತ್ತು.

ಎಎಂ4 ಪ್ರೊಸೆಸರಿನ ಪಿನ್ನುಗಳು ಅದರ ಹೊಟ್ಟೆಯಲ್ಲೇ ಇರುತ್ತವೆ. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದುಕೊಂಡಿದ್ದರೆ, ಕೂಲರನ್ನು ನೇರ ಮೇಲಕ್ಕೆ ಎಳೆದಾಗ ಪ್ರೊಸೆಸರ್ ಕೂಡ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ನು ಬಾಗುತ್ತದೆ. ಅದಕ್ಕೇ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟನ್ನು ಮೆತ್ತಗೆ ಮಾಡಿಕೊಳ್ಳಬೇಕು. ಆಮೇಲೆ ವಿದ್ಯುತ್ ತೆಗೆದು, ಕ್ಯಾಬಿನೆಟ್ಟನ್ನು ಮಗ್ಗುಲಿಗೆ ಮಲಗಿಸಿ, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲನೆ ತಿರುಗಿಸುತ್ತ ಬಿಡಿಸಬೇಕು. ಈ ಚಿಕ್ಕ ಕೂಲರಿನ ನಾಲ್ಕು ಸ್ಕ್ರೂಗಳೇ ಬೋರ್ಡಿನ ಹಿಂದಿನ ಲೋಹದ ತಟ್ಟೆಯನ್ನೂ ಹಿಡಿದಿರುತ್ತವೆ. ಅವನ್ನು ಬಿಚ್ಚಿದ ಕೂಡಲೇ ತಟ್ಟೆ ಸಡಿಲವಾಗುತ್ತದೆ, ಹಿಂದಿನಿಂದ ಒಂದು ಕೈ ಆನಿಸಿರಿ.

ಫ್ಯಾನನ್ನು ಬಿಡಿಸಿದಾಗ ಕಂಡದ್ದನ್ನು ನಾನು ಮರೆಯಲಾರೆ. ಅಲ್ಯೂಮಿನಿಯಂ ಪಟ್ಟಿಗಳ ನಡುವಿನ ಸಂದುಗಳೇ ಕಾಣುತ್ತಿರಲಿಲ್ಲ. ಅವುಗಳ ಮೇಲೆ ಕಂಬಳಿಯ ತುಂಡಿನಂಥ ಒಂದು ಪದರ. ಚಿಮುಟದಿಂದ ಅಂಚು ಹಿಡಿದು ಎತ್ತಿದರೆ ಇಡಿಯಾಗಿ ಮೇಲೆದ್ದು ಬಂತು. ಬೆಳಕಿಗೆ ಹಿಡಿದಾಗ ಬೂದು ಧೂಳಿನ ನಡುವೆ ಕೆಂಪು, ನೀಲಿ, ಹಳದಿ ಎಳೆಗಳು. ಬೆಟಗೇರಿ ನೇಕಾರರ ಊರು. ಪಕ್ಕದ ಮನೆಯ ಮಗ್ಗದಿಂದ ಹಾರಿದ ನೂಲಿನ ನವಿರು ವರ್ಷಗಟ್ಟಲೆ ಈ ಫ್ಯಾನಿಗೆ ಬಂದು ತಾನೇ ಒಂದು ಬಟ್ಟೆಯಾಗಿ ಹೆಣೆದುಕೊಂಡಿತ್ತು. ಬರೀ ಮಣ್ಣಿನ ಧೂಳಾಗಿದ್ದರೆ ಒಂದಿಷ್ಟಾದರೂ ಗಾಳಿ ತೂರುತ್ತಿತ್ತು. ನೂಲು ಹಾಗೆ ಬಿಡುವುದಿಲ್ಲ. ಅಂಗಡಿಯಲ್ಲಿ ಪ್ರೊಸೆಸರ್ ಬದಲಿಸಿದವರು ಫ್ಯಾನನ್ನು ಬಿಡಿಸಿ ಒಳಗೆ ನೋಡಿರಲಿಲ್ಲ.

ಬ್ಲೋವರ್ ಬಳಸುವವರಿಗೆ ಒಂದು ಮಾತು: ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಗಾಳಿ ಹಾಯಿಸಿ. ಹಿಡಿಯದಿದ್ದರೆ ಅದು ತನ್ನ ವೇಗ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಪೇಸ್ಟಿನ ವಿಷಯದಲ್ಲಿ ತಪ್ಪು ತಿಳುವಳಿಕೆ ಬಹಳ. ಪೇಸ್ಟ್ ತಂಪು ಮಾಡುವ ಔಷಧವಲ್ಲ, ಸಂದು ತುಂಬುವ ಗಾರೆ. ನುಣುಪಾಗಿ ಕಾಣುವ ಎರಡು ಲೋಹಗಳ ನಡುವೆಯೂ ಕಣ್ಣಿಗೆ ಕಾಣದ ಹಳ್ಳಗಳಿದ್ದು ಅಲ್ಲಿ ಗಾಳಿ ಕೂತಿರುತ್ತದೆ. ಗಾಳಿಯ ಉಷ್ಣವಾಹಕತೆ 0.026ರಷ್ಟು ಅತ್ಯಲ್ಪ. ಒಳ್ಳೆಯ ಪೇಸ್ಟಿನದು ಅದೇ ಮಾನದಲ್ಲಿ 4ರಿಂದ 8, ತಾಮ್ರದ್ದು ಸುಮಾರು 400. ಪೇಸ್ಟ್ ಗಾಳಿಗಿಂತ ನೂರು ಪಟ್ಟಿಗೂ ಹೆಚ್ಚು ಮೇಲು, ಆದರೆ ತಾಮ್ರಕ್ಕೆ ಹೋಲಿಸಿದರೆ ತೀರ ಕಡಿಮೆ. ಆದ್ದರಿಂದ ದಪ್ಪ ಬಳಿದರೆ ಅದೇ ಅಡ್ಡಗೋಡೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಪೂರ್ತಿ ಒರೆಸಿ, ಬಟಾಣಿ ಕಾಳಿನಷ್ಟು ಪೇಸ್ಟನ್ನು ನಡುವೆ ಇಟ್ಟು, ಕೂಲರನ್ನು ನೇರವಾಗಿ ಕೂರಿಸಿ. ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ, ಒಂದೊಂದನ್ನು ಎರಡೆರಡು ಸುತ್ತಿನಂತೆ ಬಿಗಿಯುತ್ತ ಹೋಗಬೇಕು. ಒಂದೇ ಮೂಲೆಯನ್ನು ಮೊದಲು ಬಿಗಿದರೆ ಪೇಸ್ಟ್ ಒಂದು ಕಡೆಗೆ ಓಡುತ್ತದೆ.

ಇಷ್ಟಾದ ಮೇಲೆ 86 ಡಿಗ್ರಿ, ಪೂರ್ತಿ 76 ವ್ಯಾಟ್. ರೋಧ 0.67. ಕೊಂಡದ್ದು ಪೇಸ್ಟ್ ಒಂದೇ.

ಗಾಳಿ, ಮತ್ತೆ ದೊಡ್ಡ ಕೂಲರ್

ಕ್ಯಾಬಿನೆಟ್ಟಿನ ಹಿಂದೆ ಫ್ಯಾನ್ ಕೂರಿಸುವ ಜಾಗ ಖಾಲಿ ಇತ್ತು. ಅಲ್ಲಿ 120 ಮಿಲಿಮೀಟರಿನ ಒಂದು ಫ್ಯಾನ್ ಹಾಕಿದೆವು. ಸಾಮಾನ್ಯವಾಗಿ ಚೌಕಟ್ಟಿನ ಕಡ್ಡಿಗಳಿರುವ ಕಡೆಯಿಂದ ಗಾಳಿ ಹೊರಬೀಳುತ್ತದೆ, ಆ ಕಡೆ ಹೊರಮುಖವಾಗಿರಲಿ. 82 ಡಿಗ್ರಿ, 0.62.

ಆಮೇಲೆ ನಾಲ್ಕು ಹೀಟ್‌ಪೈಪುಗಳ ಟವರ್ ಕೂಲರ್ ತಂದೆವು. ಆ ತಾಮ್ರದ ಕೊಳವೆಗಳ ಒಳಗೆ ಗಾಳಿ ತೆಗೆದು ತುಸುವೇ ನೀರಿಟ್ಟು ಮುಚ್ಚಿರುತ್ತಾರೆ. ಬಿಸಿಯಾದ ತುದಿಯಲ್ಲಿ ನೀರು ಆವಿಯಾಗಿ ತಣ್ಣನೆಯ ತುದಿಗೆ ಹೋಗಿ, ಅಲ್ಲಿ ಶಾಖ ಬಿಟ್ಟು ನೀರಾಗಿ, ಕೊಳವೆಯ ಒಳಗೋಡೆಯ ಬತ್ತಿಯಂಥ ಪದರದಲ್ಲಿ ಹಿಂದಿರುಗುತ್ತದೆ. ಅದೇ ಗಟ್ಟಿ ತಾಮ್ರದ ಕಂಬಿಗಿಂತ ಎಷ್ಟೋ ಚುರುಕಾಗಿ ಶಾಖ ಸಾಗಿಸುತ್ತದೆ. ಕೊಳ್ಳುವ ಮೊದಲು ಕೂಲರಿನ ಎತ್ತರ ಮತ್ತು ಕ್ಯಾಬಿನೆಟ್ಟಿನ ಅಗಲ ಎರಡನ್ನೂ ಅಳೆಯಿರಿ. ಬೋರ್ಡಿನ ಜೊತೆ ಬಂದಿದ್ದ ಎರಡು ಪ್ಲಾಸ್ಟಿಕ್ ಕೊಂಡಿಗಳು ಅನೇಕ ಟವರ್ ಕೂಲರುಗಳಿಗೆ ಬೇಕಾಗುತ್ತವೆ. ನಮಗೂ ಬೇಕಾದವು, ಕಾಕಾ ಅವನ್ನು ಹಳೆಯ ಪೆಟ್ಟಿಗೆಯಲ್ಲೇ ಜೋಪಾನ ಮಾಡಿದ್ದರು. ಫಲ: 67 ಡಿಗ್ರಿ, 76 ವ್ಯಾಟ್, 4.1 ಗಿಗಾಹರ್ಟ್ಸ್, ರೋಧ 0.42. ಮಗ್ಗದ ಸದ್ದು ಮತ್ತೆ ಕೇಳತೊಡಗಿತು.

ನೀರಿನ ಕೊಳವೆಗಳ ದುಬಾರಿ ಕೂಲರ್ 76 ವ್ಯಾಟಿಗೆ ಬೇಕಿಲ್ಲ. ಅದೂ ಕೊನೆಗೆ ಶಾಖವನ್ನು ಬಿಡುವುದು ಇದೇ ಕೋಣೆಯ ಗಾಳಿಗೆ.

ಇನ್ನೂ ಇಳಿಸಬೇಕೆಂದರೆ ಬಯಾಸ್‌ನಲ್ಲಿ ವ್ಯಾಟ್ ಮಿತಿ ಇಳಿಸಬಹುದು, ಮದರ್‌ಬೋರ್ಡ್ ಅದಕ್ಕೆ ಅವಕಾಶ ಕೊಟ್ಟರೆ. 65 ವ್ಯಾಟ್ ಇಟ್ಟರೆ ಎಷ್ಟಾಗಬೇಕು? 65 ಗುಣಿಸು 0.42, ಅಂದರೆ 27, ಅದಕ್ಕೆ ಕೋಣೆಯ 35 ಕೂಡಿಸಿದರೆ 62. ಇಟ್ಟು ನೋಡಿದೆವು, 62 ಬಂತು. ವೋಲ್ಟೇಜ್ ಇಳಿಸುವುದರಿಂದಲೂ ಲಾಭವಿದೆ, ಏಕೆಂದರೆ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಆದರೆ ವ್ಯಾಟ್ ಮಿತಿಗೆ ತಾಗಿ ಓಡುವ ಕೆಲಸದಲ್ಲಿ ಆ ಉಳಿತಾಯವನ್ನು ಪ್ರೊಸೆಸರ್ ವೇಗ ಹೆಚ್ಚಿಸಲು ಬಳಸಿಕೊಳ್ಳುತ್ತದೆ, ತಾಪ ಅಷ್ಟಾಗಿ ಇಳಿಯುವುದಿಲ್ಲ.

ಒಮ್ಮೆ ಒಬ್ಬರು ಕೇಳಿದ್ದರು: ಫ್ಯಾನ್ ಜೋರಾಗಿ ಬಿಟ್ಟರೆ ಪ್ರೊಸೆಸರ್ ಕೋಣೆಗಿಂತ ತಣ್ಣಗಾಗುವುದಿಲ್ಲವೇ? ಆಗುವುದಿಲ್ಲ. ಫ್ಯಾನಿನ ಕೆಳಗೆ ನಮಗೆ ಹಾಯೆನಿಸುವುದು ಬೆವರು ಆರುವುದರಿಂದ. ಲೋಹ ಬೆವರುವುದಿಲ್ಲ. ಕೋಣೆಯ ತಾಪ ಎಷ್ಟು ಡಿಗ್ರಿ ಏರಿದರೆ ಪ್ರೊಸೆಸರಿನದೂ ಅಷ್ಟೇ ಏರುತ್ತದೆ. ಕಾಕಾನ ಕಂಪ್ಯೂಟರ್ ಡಿಸೆಂಬರಿನಲ್ಲಿ, ಕೋಣೆ 20 ಇದ್ದಾಗ, ಏನನ್ನೂ ಮುಟ್ಟದೆ 76 ವ್ಯಾಟಿಗೆ 52 ತೋರಿಸಬೇಕು. ಚಳಿಗಾಲದಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುವವರು ಗಿರಾಕಿಯ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕ್ಯಾಬಿನೆಟ್ಟಿನ ಪಕ್ಕದ ಬಾಗಿಲಿನ ಒಳಗೆ ಒಂದು ಚೀಟಿ ಅಂಟಿಸಿ ದಿನಾಂಕ, ಕೋಣೆಯ ತಾಪ, ಪ್ರೊಸೆಸರಿನ ತಾಪ, ವ್ಯಾಟ್, ರೋಧ ಎಂದು ಐದು ಅಂಕಣ ಗೆರೆ ಎಳೆದು ಬಂದೆ. ಮುಂದಿನ ಗಾಳಿಕಿಂಡಿಗೆ ತೊಳೆಯಬಹುದಾದ ಒಂದು ಬಲೆಯನ್ನೂ ಕಟ್ಟಿದೆವು. ಜೂನ್ ಕೊನೆಗೆ ಕಾಕಾ ತಾವೇ ಪರೀಕ್ಷೆ ಓಡಿಸಿ, ಲೆಕ್ಕ ಹಾಕಿ, ಫೋನ್ ಮಾಡಿದರು. 0.48 ಬಂದಿತ್ತು. ಬಲೆ ಬಿಚ್ಚಿ ನೋಡಿದರೆ ಮೇಲೆ ನೀಲಿ ನೂಲಿನ ತೆಳು ಪದರ. ತೊಳೆದು, ಒಣಗಿಸಿ, ಮತ್ತೆ ಕಟ್ಟಿದರಂತೆ. ಚೀಟಿಯ ಮೂರನೆಯ ಸಾಲಿನಲ್ಲಿ ಈಗ ಅವರ ಕೈಬರಹದಲ್ಲಿ 0.43 ಎಂದಿದೆ.