ನೀರು ಬದಲಿಸಿದಷ್ಟೂ ಅಕ್ವೇರಿಯಂ ಮತ್ತೆ ಬೆಳ್ಳಗಾಗುವುದೇಕೆ?

ಪ್ರಶ್ನೆ: ಎರಡಡಿ ಟ್ಯಾಂಕ್ ತಂದು ಹದಿನೈದು ದಿನವಾಯಿತು. ಆರು ಗೋಲ್ಡ್‌ಫಿಶ್ ಬಿಟ್ಟಿದ್ದೇವೆ. ನೀರು ಹಾಲು ಬೆರೆಸಿದಂತೆ ಮಬ್ಬಾಗುತ್ತದೆ. ಪೂರ್ತಿ ಖಾಲಿ ಮಾಡಿ, ಫಿಲ್ಟರ್ ತೊಳೆದು, ಹೊಸ ನೀರು ತುಂಬಿದರೂ ಎರಡೇ ದಿನಕ್ಕೆ ಮತ್ತೆ ಅದೇ ಗತಿ. ಫಿಲ್ಟರ್ ಕೆಟ್ಟಿದೆಯೇ?

ಉತ್ತರ: ಫಿಲ್ಟರ್ ಕೆಟ್ಟಿರುವ ಸಾಧ್ಯತೆ ಕಡಿಮೆ. ನೀವು ಮಾಡುತ್ತಿರುವ ತೊಳೆಯುವ ಕೆಲಸವೇ ತೊಂದರೆಯನ್ನು ಎಳೆದಾಡಿಸುತ್ತಿದೆ.

ಮೊದಲು ಒಂದು ಬಿಳಿ ಬಟ್ಟಲಿಗೆ ಟ್ಯಾಂಕಿನ ನೀರು ತೆಗೆದು ನೋಡಿ. ಹಸಿರಿದ್ದರೆ ಪಾಚಿ; ಬೆಳಕನ್ನು ದಿನಕ್ಕೆ ಆರೇಳು ಗಂಟೆಗೆ ಇಳಿಸಿ, ಕಿಟಕಿ ಬಿಸಿಲು ತಪ್ಪಿಸಿ. ಚಹಾ ಬಣ್ಣವಿದ್ದರೆ ಒಳಗಿಟ್ಟ ಮರದ ತುಂಡು ಬಣ್ಣ ಬಿಡುತ್ತಿದೆ, ಅಪಾಯವಿಲ್ಲ. ತಳದಲ್ಲಿ ಮಣ್ಣು ಕೂತರೆ ಜಲ್ಲಿ ಸರಿಯಾಗಿ ತೊಳೆದಿಲ್ಲ. ಏನೂ ತಳಕ್ಕೆ ಕೂರದೆ ಬಿಳಿ ಮಬ್ಬು ಹಾಗೇ ಉಳಿದರೆ ಅದು ಬ್ಯಾಕ್ಟೀರಿಯಾ. ಅವು ತೀರಾ ಸಣ್ಣವು, ಫಿಲ್ಟರಿನ ಸ್ಪಾಂಜಿನ ರಂಧ್ರಗಳಲ್ಲಿ ಸುಲಭವಾಗಿ ನುಸುಳಿಬಿಡುತ್ತವೆ. ಹಾಗಾಗಿ ದೊಡ್ಡ ಫಿಲ್ಟರ್ ತಂದರೂ ಮಬ್ಬು ಹೋಗದು.

ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ ಕೊಳೆತು ಮೀನಿಗೆ ವಿಷವಾದ ಅಮೋನಿಯಾ ಆಗುತ್ತದೆ. ಅದನ್ನು ನೈಟ್ರೈಟಿಗೆ, ಅಲ್ಲಿಂದ ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟಿಗೆ ಬದಲಿಸುವ ಬ್ಯಾಕ್ಟೀರಿಯಾಗಳು ಸ್ಪಾಂಜ್, ಜಲ್ಲಿ, ಫಿಲ್ಟರಿನೊಳಗಿನ ಸೆರಾಮಿಕ್ ರಿಂಗುಗಳಿಗೆ ಅಂಟಿಕೊಂಡು ಬೆಳೆಯುತ್ತವೆ. ಅವು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನಲ್ಲಿ ಕೆಳಗೆ ಸ್ಪಾಂಜ್ ಹಿಂಡಿದರೆ ನಲ್ಲಿ ನೀರಿನಲ್ಲಿರುವ ಕ್ಲೋರಿನ್ ಅವುಗಳನ್ನು ಕೊಲ್ಲುತ್ತದೆ. ಲೆಕ್ಕ ಮತ್ತೆ ಮೊದಲಿನಿಂದ. ನೀರಿನಲ್ಲಿ ತೇಲುವ ಬೇರೆ ಬ್ಯಾಕ್ಟೀರಿಯಾಗಳು ಕೊಳೆಯುವುದನ್ನೆಲ್ಲ ತಿಂದು ದಿಢೀರನೆ ಹೆಚ್ಚುತ್ತವೆ. ನಿಮಗೆ ಕಾಣುವ ಬಿಳುಪು ಅದೇ.

ಇನ್ನು ಪೂರ್ತಿ ಖಾಲಿ ಮಾಡಬೇಡಿ. ನಿಮ್ಮ ಟ್ಯಾಂಕ್ 24×12×12 ಇಂಚಿನದಾದರೆ ಸುಮಾರು 50 ಲೀಟರ್ ಹಿಡಿಯುತ್ತದೆ. ಎರಡು ದಿನಕ್ಕೊಮ್ಮೆ 12 ಲೀಟರ್ ಮಾತ್ರ ತೆಗೆದು, ಆ್ಯಂಟಿ-ಕ್ಲೋರಿನ್ (ಕ್ಲೋರಿನ್ ಹೋಗಲಾಡಿಸುವ ದ್ರಾವಣ) ಹಾಕಿದ, ಟ್ಯಾಂಕಿನಷ್ಟೇ ಬೆಚ್ಚಗಿರುವ ನೀರು ತುಂಬಿ. ಸ್ಪಾಂಜಿನಲ್ಲಿ ನೀರು ಹರಿಯುವುದು ನಿಧಾನವಾದಾಗಷ್ಟೇ, ತೆಗೆದ ಆ ಹಳೇ ನೀರಿನಲ್ಲೇ ಎರಡು ಸಲ ಅದ್ದಿ ಹಿಂಡಿ. ಸ್ಪಾಂಜ್ ಕಂದು ಬಣ್ಣದಲ್ಲೇ ಉಳಿಯಲಿ. ರಿಂಗುಗಳನ್ನು ಅದೇ ದಿನ ಮುಟ್ಟಬೇಡಿ. ಆಹಾರ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮುಗಿಯುವಷ್ಟು.

ಸದ್ದಾಗುತ್ತದೆಂದು ರಾತ್ರಿ ಫಿಲ್ಟರ್ ಆರಿಸುವ ಮನೆಗಳು ಬಹಳ. ದಯವಿಟ್ಟು ಬೇಡ: ನೀರು ಹರಿಯದಿದ್ದರೆ ಸ್ಪಾಂಜಿನೊಳಗೆ ಆಮ್ಲಜನಕ ತೀರಿ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯತೊಡಗುತ್ತವೆ. ಫಿಲ್ಟರ್ ಗಂಟೆಗೆ 250–300 ಲೀಟರ್ ಹರಿಸುವಂಥದ್ದಿದ್ದರೆ ಸಾಕು. ಹರಿವು ಕುಗ್ಗಿದ್ದರೆ ಪ್ಲಗ್ ತೆಗೆದು, ಮೋಟಾರಿನೊಳಗಿನ ಪುಟ್ಟ ಚಕ್ರಕ್ಕೆ ಸುತ್ತಿದ ಲೋಳೆಯನ್ನು ಹಳೇ ಬ್ರಷ್ಷಿನಿಂದ ಉಜ್ಜಿ.

ಮಬ್ಬಿಗಿಂತ ಹೆಚ್ಚು ಹೆದರಬೇಕಾದದ್ದು ಕಣ್ಣಿಗೆ ಕಾಣದ ಅಮೋನಿಯಾಕ್ಕೆ. ಅದನ್ನು ಅಳೆಯುವ ಟೆಸ್ಟ್ ಕಿಟ್ ಶೂನ್ಯಕ್ಕಿಂತ ಹೆಚ್ಚು ತೋರಿಸಿದರೆ, ಅಥವಾ ಮೀನು ಮೇಲೆ ಬಂದು ಬಾಯಿ ಬಡಿದರೆ, ಆ ದಿನವೇ ಕಾಲು ಭಾಗದಿಂದ ಅರ್ಧದಷ್ಟು ನೀರು ಬದಲಿಸಿ, ಊಟ ನಿಲ್ಲಿಸಿ, ಏರ್ ಪಂಪ್ ಓಡಿಸಿ. ಆರು ಗೋಲ್ಡ್‌ಫಿಶ್‌ಗೆ 50 ಲೀಟರ್ ಏನೇನೂ ಸಾಲದು. ಅಷ್ಟನ್ನೂ ಸಾಕಬೇಕೆಂದಿದ್ದರೆ ನಾಲ್ಕಡಿ ಟ್ಯಾಂಕಿಗೆ ಈಗಲೇ ಜಾಗ ನೋಡಿ. ಹೊಸದಕ್ಕೆ ಹೋಗುವಾಗ ಹಳೇ ಸ್ಪಾಂಜನ್ನು ತೊಳೆಯದೆ ಹಾಗೇ ಒಯ್ಯಿರಿ.