ಶ್ರೀಮಂತರಾಗುವ ಪುಸ್ತಕ ಓದಿದರೆ ದುಡ್ಡು ಬರುತ್ತದಾ?

"ಮೇಡಂ, ನನ್ನ ತಮ್ಮ ಹೊತ್ತುಹೊತ್ತಿಗೂ ಶ್ರೀಮಂತರಾಗೋದು ಹೇಗೆ ಅನ್ನೋ ಪುಸ್ತಕಗಳನ್ನೇ ಓದ್ತಾ ಇದ್ದಾನೆ. ತೋಟದ ಮೇಲೆ ಸಾಲ ತೆಗೆದು ಹೋಂಸ್ಟೇ ಕಟ್ಟಬೇಕು ಅಂತಾನೆ. ಈ ಪುಸ್ತಕಗಳಿಂದ ನಿಜಕ್ಕೂ ಉಪಯೋಗ ಇದೆಯಾ?" ಗೋಣಿಕೊಪ್ಪದ ಓದುಗರೊಬ್ಬರು ಕೇಳಿದ್ದಾರೆ.

ಈ ಪ್ರಶ್ನೆ ಹೊಸದಲ್ಲ. ಕಾಫಿ ರೇಟು ಏರಿದಾಗಲೆಲ್ಲ ವಿರಾಜಪೇಟೆಯಿಂದಲೂ ಬರುತ್ತದೆ, ಸೋಮವಾರಪೇಟೆಯಿಂದಲೂ ಬರುತ್ತದೆ. ಎಷ್ಟು ಸಲ ಹೇಳಿದರೂ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ಉಪಯೋಗ ಇದೆ, ಆದರೆ ಸ್ವಲ್ಪ. ಆ ಸ್ವಲ್ಪ ಒಂದು ಪುಟದಲ್ಲಿ ಮುಗಿಯುತ್ತದೆ. ಬಂದ ದುಡ್ಡಲ್ಲಿ ಮೊದಲು ಒಂದು ಪಾಲು ಎತ್ತಿಡಿ, ಉಳಿದಿದ್ದರಲ್ಲಿ ಖರ್ಚು ನೋಡಿಕೊಳ್ಳಿ. ದುಬಾರಿ ಸಾಲ ಮೊದಲು ತೀರಿಸಿ. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ 36 ಆಯಿತು, ಅದನ್ನು ಮೀರಿಸುವಷ್ಟು ಲಾಭ ವರ್ಷವರ್ಷವೂ ಕೊಡುವ ತೋಟ ಎಲ್ಲಿದೆ ಹೇಳಿ. ಮತ್ತೆ, ಉಳಿತಾಯ ಬೇಗ ಶುರು ಮಾಡಿ. ತಿಂಗಳಿಗೆ 5,000 ರೂಪಾಯಿಯಂತೆ 20 ವರ್ಷ ಕಟ್ಟಿ, ವರ್ಷಕ್ಕೆ ಶೇ 8ರಷ್ಟು ಬೆಳೆದರೆ, ನೀವು ಹಾಕಿದ್ದು 12 ಲಕ್ಷ, ಕೈಗೆ ಬರುವುದು ಸುಮಾರು 29 ಲಕ್ಷ. ಮನೆಯಲ್ಲಿ ದುಡ್ಡಿನ ಮಾತೇ ಆಡದೆ ಬೆಳೆದ ಹುಡುಗ ಇಷ್ಟನ್ನು ಪುಸ್ತಕದಿಂದ ಕಲಿತರೆ ಅದು ದೊಡ್ಡ ವಿಷಯ. ಪುಸ್ತಕಕ್ಕೆ ಕೊಟ್ಟ ದುಡ್ಡು ಅಲ್ಲಿಗೇ ವಸೂಲಾಯಿತು.

ನನ್ನ ತಕರಾರು ಇರುವುದು ಉಳಿದ ಪುಟಗಳ ಬಗ್ಗೆ. ಅಲ್ಲಿ ತುಂಬಿರುವುದು ಒಂದೇ ಮಾತು: ಶ್ರೀಮಂತರು ಬೇರೆ ಥರ ಯೋಚಿಸುತ್ತಾರೆ, ಅದಕ್ಕೇ ಶ್ರೀಮಂತರಾದರು, ನೀನೂ ಹಾಗೇ ಯೋಚಿಸು, ಆಗುತ್ತೀಯ. ಈ ನಂಬಿಕೆಯನ್ನು ಕಿತ್ತುಹಾಕುವುದು ಕಾಫಿ ಗಿಡದ ಚಿಗುರು ತೆಗೆದ ಹಾಗೆ, ಈ ವರ್ಷ ತೆಗೆದರೂ ಮುಂದಿನ ಮಳೆಗೆ ಮತ್ತೆ ಬರುತ್ತದೆ.

ಬೇರೆಲ್ಲೋ ಯಾಕೆ, ನಮ್ಮ ಕೊಡಗು ಜಿಲ್ಲೆಯನ್ನೇ ನೋಡಿ. 1994ರ ಜೂನ್, ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡಗಳು ಸುಟ್ಟುಹೋದವು. ಜಗತ್ತಿನಲ್ಲೆಲ್ಲ ಕಾಫಿ ಬೆಲೆ ಹಾರಿತು. ಅದೇ ಹೊತ್ತಿಗೆ ಇಲ್ಲಿ ಬೆಳೆಯನ್ನೆಲ್ಲ ಕಾಫಿ ಬೋರ್ಡಿಗೇ ಕೊಡಬೇಕು ಅನ್ನುವ ಪೂಲ್ ಪದ್ಧತಿ ಸಡಿಲವಾಗುತ್ತಿತ್ತು, 1996ರ ಹೊತ್ತಿಗೆ ಪೂರ್ತಿ ಹೋಯಿತು. ಬೆಳೆಗಾರರಿಗೆ ಹೊರಗಿನ ರೇಟು ನೇರವಾಗಿ ಸಿಕ್ಕಿತು. ಆ ವರ್ಷಗಳಲ್ಲಿ ಕೊಡಗಿನಲ್ಲಿ ಎದ್ದ ಹೊಸ ಮನೆಗಳು, ಬಂದ ಹೊಸ ಜೀಪುಗಳು ಹಿರಿಯರಿಗೆಲ್ಲ ನೆನಪಿವೆ. ಈಗ ಹೇಳಿ, 1993ರಲ್ಲಿ ಅದೇ ಬೆಳೆಗಾರರ ಯೋಚನೆ ಸಣ್ಣದಿತ್ತಾ? 1994ರಲ್ಲಿ ಒಮ್ಮೆಲೇ ದೊಡ್ಡದಾಯಿತಾ?

ಮುಂದಿನದನ್ನೂ ಕೇಳಿ. ವಿಯೆಟ್ನಾಂನವರು ರೊಬಸ್ಟಾ ತಳಿಯ ಕಾಫಿ ಬೆಳೆಯುವುದನ್ನು ಹೆಚ್ಚಿಸಿಕೊಂಡೇ ಹೋದರು, 2000ದ ಹೊತ್ತಿಗೆ ಕೊಲಂಬಿಯಾವನ್ನೂ ಹಿಂದೆ ಹಾಕಿ ಎರಡನೇ ಸ್ಥಾನಕ್ಕೆ ಬಂದರು. 2001-02ರಲ್ಲಿ ಬೆಲೆ ಹಲವು ದಶಕಗಳ ತಳ ಮುಟ್ಟಿತು. ಕಾಫಿ ಕೊಯ್ಯಿಸಿದ ಕೂಲಿಯೂ ಹುಟ್ಟದ ತೋಟಗಳಿದ್ದವು. ಅದೇ ಜನ, ಅದೇ ತೋಟ, ಅದೇ ಬೆಳಗಿನ ಜಾವದ ದುಡಿಮೆ. 2024ರಲ್ಲಿ ವಿಯೆಟ್ನಾಂನಲ್ಲಿ ಬರ ಬಂತು, ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು, ನಮ್ಮಲ್ಲಿ ಮತ್ತೆ ದುಡ್ಡು ಓಡಾಡಿತು. ಇಲ್ಲಿ ಯಾರ ಮನಸ್ಸೂ ಬದಲಾಗಿರಲಿಲ್ಲ. ಬದಲಾಗಿದ್ದು ಅಲ್ಲಿನ ಹವಾಮಾನ.

"ಆದರೆ ಆ ರೇಟಲ್ಲೂ ಕೆಲವರು ಉಳಿಸಿಕೊಂಡರು, ಕೆಲವರು ಕಳೆದುಕೊಂಡರು ಅಲ್ವಾ?" ಅಂತ ಕೇಳುತ್ತೀರಿ. ನಿಜ. ಉಳಿಸಿಕೊಂಡವರಲ್ಲಿ ಎಚ್ಚರ ಇತ್ತು, ಸಾಲ ಕಡಿಮೆ ಇತ್ತು, ಜೊತೆಗೆ ಒಳ್ಳೆಮೆಣಸಿನ ಬಳ್ಳಿ ಇತ್ತು. ಇದೆಲ್ಲ ಮಾಡುವ ಕೆಲಸ, ಕಣ್ಣು ಮುಚ್ಚಿ ಕೂತು ಕೋಟಿ ಕಲ್ಪಿಸಿಕೊಳ್ಳುವುದಲ್ಲ. ಅಷ್ಟೇ ಎಚ್ಚರ ಇದ್ದೂ, ಕಾಂಡಕೊರಕ ಹುಳು ಬಂದು ಅರೇಬಿಕಾ ಕಾಫಿ ಗಿಡಗಳನ್ನೇ ಕಳೆದುಕೊಂಡವರಿದ್ದಾರೆ. ಅವರನ್ನು ಹುಡುಕಿಕೊಂಡು ಹೋಗಿ ಯಾರೂ ಪುಸ್ತಕ ಬರೆಯಲಿಲ್ಲ. ಗೆದ್ದವರನ್ನು ಮಾತ್ರ ಕೇಳಿದರೆ ಅವರು ಮಾಡಿದ್ದೆಲ್ಲ ಗೆಲುವಿನ ಗುಟ್ಟಿನ ಹಾಗೆ ಕಾಣುತ್ತದೆ. ಸೋತವರೂ ಅದನ್ನೇ ಮಾಡಿದ್ದರಾ ಅಂತ ನೋಡದೆ ಆ ಗುಟ್ಟಿಗೆ ಬೆಲೆಯೇ ಇಲ್ಲ. ನಾನು ಎಲ್ಲರಿಗೂ ಹೇಳುವುದು ಇದನ್ನೇ, ಇದೊಂದು ತಿಳಿದರೆ ಸಾಕು.

ಇಂಥ ಪುಸ್ತಕಗಳಿಗೆಲ್ಲ ಅಜ್ಜ ಅನ್ನಬಹುದಾದದ್ದು 1937ರಲ್ಲಿ ಅಮೆರಿಕದಲ್ಲಿ ಬಂದ 'ಥಿಂಕ್ ಆ್ಯಂಡ್ ಗ್ರೋ ರಿಚ್'. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯೇ ನನಗೆ ಗುಟ್ಟು ಹೇಳಿದರು ಅಂತ ಬರೆದವರು ಹೇಳಿಕೊಂಡರು. ಕಾರ್ನೆಗಿ 1919ರಲ್ಲೇ ತೀರಿಕೊಂಡಿದ್ದರು. ಅವರಿಬ್ಬರು ಭೇಟಿಯಾಗಿದ್ದರು ಅನ್ನುವುದಕ್ಕೆ ಬರೆದವರ ಮಾತು ಬಿಟ್ಟರೆ ದಾಖಲೆ ಇಲ್ಲ. ಇಡೀ ಪುಸ್ತಕದ ಬುಡವೇ ಅದು.

ಇನ್ನು ನಿಮ್ಮ ತಮ್ಮನ ವಿಷಯ. "ಒಳ್ಳೆಯ ಸಾಲ, ಕೆಟ್ಟ ಸಾಲ" ಅನ್ನುವ ಮಾತು ಅವರ ಬಾಯಲ್ಲಿ ಬಂದಿರಬೇಕು, ಅದು 1997ರ 'ರಿಚ್ ಡ್ಯಾಡ್ ಪೂರ್ ಡ್ಯಾಡ್' ಪುಸ್ತಕದಿಂದ ಹಬ್ಬಿದ್ದು. ದುಡಿಯುವ ಸಾಲ ಒಳ್ಳೆಯದು, ನಾನೂ ಒಪ್ಪುತ್ತೇನೆ. ಆದರೆ 2012ರಲ್ಲಿ ಆ ಲೇಖಕರ ಒಂದು ಕಂಪನಿ ದಿವಾಳಿ ಅರ್ಜಿ ಹಾಕಿತು. ಅವರ ಸ್ವಂತ ಆಸ್ತಿಗೆ ಏನೂ ಆಗಲಿಲ್ಲ, ಯಾಕೆಂದರೆ ಕಂಪನಿ ಬೇರೆ, ಅವರು ಬೇರೆ. ನಿಮ್ಮ ತಮ್ಮ ಅಡ ಇಡಲು ಹೊರಟಿರುವುದು ಮನೆಯವರೆಲ್ಲ ಉಣ್ಣುವ ತೋಟ. ನಡುವೆ ಅಂಥ ಗೋಡೆ ಇಲ್ಲ.

2017ರಲ್ಲಿ ಸಾಲ ಮಾಡಿ ಹೋಂಸ್ಟೇ ಕಟ್ಟಿದವರನ್ನು ಒಮ್ಮೆ ಮಾತಾಡಿಸಲು ಹೇಳಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ರಸ್ತೆಗಳೇ ಹೋದವು. 2019ರ ಆಗಸ್ಟ್‌ನಲ್ಲಿ ಮತ್ತೆ ಮಳೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಪ್ರವಾಸಿಗರು ಬರಲಿಲ್ಲ, ಬಡ್ಡಿ ಮಾತ್ರ ಏರುತ್ತಲೇ ಇತ್ತು. ಅದಿರಲಿ, ಒಳ್ಳೆಯ ವರ್ಷದಲ್ಲೂ ಒಂದು ತೊಡಕಿದೆ. ಹೋಂಸ್ಟೇ ನಡೆಯದಿದ್ದರೆ ಕಂತು ಕಟ್ಟಬೇಕಾದ್ದು ತೋಟದ ದುಡ್ಡಲ್ಲಿ. ಕಂತು ತಿಂಗಳು ತಿಂಗಳು, ಕಾಫಿ ದುಡ್ಡು ವರ್ಷಕ್ಕೊಮ್ಮೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಅದೂ ಅರ್ಧ.

ಯಾರೂ ಕೇಳದ ಇನ್ನೊಂದನ್ನೂ ಹೇಳುತ್ತೇನೆ, ಯಾಕೆಂದರೆ ಕೇಳಬೇಕಿದ್ದದ್ದು ಇದೇ: ರೇಟು ಏರಿದ ವರ್ಷ ಬಂದ ದುಡ್ಡನ್ನು ಏನು ಮಾಡಬೇಕು? ಮೊದಲು ಮುಂದಿನ ಒಂದು ವರ್ಷದ ತೋಟದ ಖರ್ಚು ಎತ್ತಿಡಿ: ಕೂಲಿ, ಗೊಬ್ಬರ, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಎಲ್ಲ ಸೇರಿಸಿ. ಆಮೇಲೆ ಸಾಲ ತೀರಿಸಿ. ಉಳಿದಿದ್ದನ್ನು ಬ್ಯಾಂಕಲ್ಲಿ ಇಡುವುದಾದರೆ, ಒಂದು ಬ್ಯಾಂಕಲ್ಲಿ ಒಬ್ಬರ ಠೇವಣಿಗೆ ಬಡ್ಡಿಯೂ ಸೇರಿ 5 ಲಕ್ಷದವರೆಗೆ ಮಾತ್ರ ವಿಮೆ ಇದೆ ಅನ್ನುವುದು ನೆನಪಿರಲಿ. ಮಾರುವಾಗ ಔಟ್‌ಟರ್ನ್ ನೀವೇ ನಿಂತು ನೋಡಿ. 50 ಕಿಲೋ ಚೆರಿ (ಒಣಗಿಸಿದ ಕಾಫಿ ಹಣ್ಣು) ಚೀಲದಿಂದ ಎಷ್ಟು ಕಿಲೋ ಬೀಜ ಅನ್ನುವ ಆ ಲೆಕ್ಕದಲ್ಲಿ ಒಂದೇ ಕಿಲೋ ವ್ಯತ್ಯಾಸವಾದರೂ, 100 ಚೀಲಕ್ಕೆ 100 ಕಿಲೋ ಬೀಜದ ದುಡ್ಡು ಹೋಯಿತು. ಇದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ.

ಕೊನೆಗೊಂದು ಕೆಲಸದ ಮಾತು. ನಿಮ್ಮದು ಜಮ್ಮಾ ಜಾಗ, ಅಂದರೆ ಕುಟುಂಬಕ್ಕೆ ತಲೆತಲಾಂತರದಿಂದ ಬಂದ ಹಿಡುವಳಿ ಆಗಿದ್ದರೆ, ನಿಮ್ಮ ತಮ್ಮ ಬ್ಯಾಂಕಿಗೆ ಹೋಗುವ ಮೊದಲೇ ಆರ್‌ಟಿಸಿ (ಪಹಣಿ) ತೆಗೆಸಿ ಯಾರ‍್ಯಾರ ಹೆಸರಿದೆ ನೋಡಿ. ಕುಟುಂಬದ ಹಲವರ ಹೆಸರಿದ್ದರೆ ಅವರೆಲ್ಲರನ್ನೂ ಕೂರಿಸಿಕೊಂಡು ಮಾತಾಡಿ. ಹೋಂಸ್ಟೇಗೆ ಒಂದು ವರ್ಷ ಒಬ್ಬರೂ ಬರದಿದ್ದರೆ ಕಂತು ಯಾರು ಕಟ್ಟುತ್ತಾರೆ ಅಂತ ತಮ್ಮನನ್ನೇ ಕಾಗದದ ಮೇಲೆ ಬರೆಯಲು ಹೇಳಿ.