ಒತ್ತಿದಾಗ ಮುಚ್ಚದ ರಕ್ತನಾಳ

ಒಂದೇ ಕಾಲು ಬಾತು, ಮೀನಖಂಡ ಬಿಗಿದು ನೋಯತೊಡಗಿದರೆ ನಮ್ಮ ಕಾಸರಗೋಡಿನ ಮನೆಗಳಲ್ಲಿ ಮೊದಲು ಹೊರಬರುವುದು ಎಣ್ಣೆ ಬಾಟಲಿ. ದಯವಿಟ್ಟು ತಿಕ್ಕಬೇಡಿ. ಒಳಗಿನ ರಕ್ತನಾಳದಲ್ಲಿ ಹೆಪ್ಪು ಇದ್ದರೆ ಅದರ ತುಂಡು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಕರಾವಳಿಯಲ್ಲಿ ಆನೆಕಾಲು ಕಂಡವರು ಇದನ್ನೂ ಅದೇ ಎಂದುಕೊಳ್ಳುವುದುಂಟು. ಆನೆಕಾಲು ತಿಂಗಳು, ವರ್ಷಗಳಲ್ಲಿ ದಪ್ಪವಾಗುತ್ತದೆ. ಹೆಪ್ಪಿನ ಬಾವು ಸಾಮಾನ್ಯವಾಗಿ ಕೆಲವೇ ದಿನಗಳದ್ದು. ಸೊಂಟದ ಮೂಳೆ ಮುರಿದು ಮಲಗಿದವರು, ಬಾಣಂತಿಯರು, ಕ್ಯಾನ್ಸರ್ ಇರುವವರು ತಡಮಾಡಲೇಬಾರದು.

ಹೆಪ್ಪು ಇದೆಯೇ ಎಂದು ನೋಡುವ ಅಲ್ಟ್ರಾಸೌಂಡ್ ಸ್ಕ್ಯಾನಿನ ಜೀವ ಇರುವುದು ಪ್ರೋಬ್ (ಚರ್ಮದ ಮೇಲಿಡುವ ಕೈಸಾಧನ) ಒತ್ತುವುದರಲ್ಲಿ. ರೋಗಿಯ ತಲೆಯ ಕಡೆ ಮಂಚವನ್ನು ತುಸು ಎತ್ತಬೇಕು, ಆಗ ಕಾಲಿನ ರಕ್ತನಾಳ ತುಂಬಿ ನಿಲ್ಲುತ್ತದೆ. ಮೊಣಕಾಲು ಸ್ವಲ್ಪ ಮಡಚಿ ಹೊರಗೆ ವಾಲಿರಲಿ. ತೊಡೆಸಂದಿಯಲ್ಲಿ ಪ್ರೋಬನ್ನು ಅಡ್ಡ ಇಟ್ಟರೆ ಪರದೆಯಲ್ಲಿ ಎರಡು ಕಪ್ಪು ವೃತ್ತ. ಮಿಡಿಯುವುದು ಹೃದಯದಿಂದ ರಕ್ತ ತರುವ ಅಪಧಮನಿ, ಅದರ ಪಕ್ಕ ಇನ್ನೊಂದು ತೊಡೆಯ ಕಡೆಗಿರುವುದು ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿ. ಈಗ ನೇರ ಕೆಳಗೆ ಒತ್ತಿ. ಹೆಪ್ಪಿಲ್ಲದಿದ್ದರೆ ಅಭಿಧಮನಿಯ ಗೋಡೆಗಳು ಕಣ್ಣೆವೆಯಂತೆ ಪೂರ್ತಿ ಮುಚ್ಚುತ್ತವೆ. ಅಪಧಮನಿ ತುಸು ಚಪ್ಪಟೆಯಾಗುವಷ್ಟು ಒತ್ತಿದರೂ ಅಭಿಧಮನಿ ಮುಚ್ಚದಿದ್ದರೆ ಅಲ್ಲಿ ಹೆಪ್ಪಿದೆ. ಹೀಗೆ 1–2 ಸೆಂ.ಮೀ.ಗೊಮ್ಮೆ ಒತ್ತುತ್ತ, ಮೊಣಕಾಲಿನ ಹಿಂದಿನ ಗುಳಿಯ ತನಕ, ಆಮೇಲೆ ಮೀನಖಂಡಕ್ಕೂ ಇಳಿಯಬೇಕು.

ಕಣ್ಣನ್ನಷ್ಟೇ ನಂಬಿದರೆ ಮೋಸ. ಹೊಸ ಹೆಪ್ಪು ರಕ್ತದಷ್ಟೇ ಕಪ್ಪಾಗಿ ಕಾಣಬಹುದು, ನಾಳ ಖಾಲಿ ಇದೆಯೆಂದೇ ಅನಿಸುತ್ತದೆ. ಓರೆಯಾಗಿ ಒತ್ತಿದರೆ ಪ್ರೋಬ್ ಜಾರಿ, ಮುಚ್ಚಿದಂತೆ ತೋರುತ್ತದೆ. ತೊಡೆಯ ಕೆಳಭಾಗದಲ್ಲಿ ನಾಳ ಸ್ನಾಯುವಿನ ಆಳದಲ್ಲಿರುವುದರಿಂದ, ಅಂಗೈಯನ್ನು ತೊಡೆಯ ಹಿಂದೆ ಇಟ್ಟು ಪ್ರೋಬಿನತ್ತ ಒತ್ತಿಕೊಳ್ಳಬೇಕು. ದಪ್ಪ ಕಾಲಿಗೆ ನೇರ ಮುಖದ ಲೀನಿಯರ್ ಪ್ರೋಬ್ ಸಾಲದು. 3–5 ಮೆಗಾಹರ್ಟ್ಸ್‌ನ ಬಾಗಿದ ಪ್ರೋಬ್ ಹಿಡಿಯಬೇಕು. ಹೊಟ್ಟೆಯೊಳಗಿನ ನಾಳಗಳನ್ನು ಒತ್ತಿ ನೋಡುವುದು ಕಷ್ಟ. ಅಲ್ಲಿ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಬೇಕು: ತೊಡೆಸಂದಿಯ ಹರಿವು ಉಸಿರಿನೊಂದಿಗೆ ಏರಿಳಿಯದೆ ಒಂದೇ ಸಮ ಹರಿದರೆ ಮೇಲೆಲ್ಲೋ ಅಡ್ಡಿಯಿದೆಯೇ ಎಂದು ಹುಡುಕಬೇಕು.

ವರದಿಯಲ್ಲಿ ‘ಸೂಪರ್‌ಫಿಷಿಯಲ್ ಫೀಮೋರಲ್ ವೇಯ್ನ್‌ನಲ್ಲಿ ಹೆಪ್ಪು’ ಎಂದಿದ್ದರೆ ಚರ್ಮದಡಿಯ ಸಣ್ಣ ನಾಳವೆಂದು ಸುಮ್ಮನಾಗಬೇಡಿ. ಹೆಸರಿನಲ್ಲಿ ‘ಮೇಲ್ಪದರದ’ (ಸೂಪರ್‌ಫಿಷಿಯಲ್) ಎಂದಿದ್ದರೂ ಅದು ಆಳದ ನಾಳವೇ, ಚಿಕಿತ್ಸೆ ಬೇಕು. ‘ನಾರ್ಮಲ್’ ಎಂದಿದ್ದರೆ ಎಲ್ಲಿಯವರೆಗೆ ನೋಡಿದ್ದಾರೆ ಎಂದು ಕೇಳಿ. ಮೀನಖಂಡ ನೋಡಿರದೆ ಸಂಶಯ ಉಳಿದಿದ್ದರೆ 5–7 ದಿನಗಳಲ್ಲಿ ಮತ್ತೊಮ್ಮೆ ಸ್ಕ್ಯಾನ್ ಬೇಕಾಗುತ್ತದೆ, ಏಕೆಂದರೆ ಅಲ್ಲಿನ ಹೆಪ್ಪು ಆ ನಡುವೆ ಮೇಲಕ್ಕೆ ಬೆಳೆದಿರಬಹುದು. ಅಷ್ಟರಲ್ಲಿ ಏದುಸಿರು, ಎದೆನೋವು ಬಂದರೆ ಸ್ಕ್ಯಾನಿನ ದಿನಕ್ಕಾಗಿ ಕಾಯದೆ ತುರ್ತು ವಿಭಾಗಕ್ಕೆ ಹೋಗಿ. ಮಂಗಳೂರಿಗೆ ಹೋಗುವುದಾದರೆ ಮೊದಲ ವರದಿ ಕೈಯಲ್ಲಿರಲಿ.